ಪಿಪ್‌ನನ್ನು ರೂಪಿಸಿದವರು ಯಾರು? 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಓದಿದವರಲ್ಲಿ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಸಂಜೆ ಓದು

ಚಾರ್ಲ್ಸ್ ಡಿಕನ್ಸ್ ಬರೆದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯನ್ನು ಬಿ.ಎ. ತರಗತಿಯಲ್ಲಿ ಪಠ್ಯವಾಗಿ ಓದಿದ್ದೆ. ಪರೀಕ್ಷೆಗೆ ಬೇಕಾದಷ್ಟನ್ನು ನೆನಪಿಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಬಿಟ್ಟುಬಂದಿದ್ದೆ. ಈಗ ಇಪ್ಪತ್ತು ವರ್ಷಗಳ ಮೇಲೆ, ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ನೆಮ್ಮದಿಯಲ್ಲಿ 59 ಅಧ್ಯಾಯಗಳನ್ನೂ ನಿಧಾನವಾಗಿ ಓದಿ ಮುಗಿಸಿದಾಗ, ಅಂದು ನಾನು ಬರೆದ ಉತ್ತರದ ಮೇಲೆಯೇ ಅನುಮಾನ ಹುಟ್ಟಿದೆ.

ಓದಿ ಬಹಳ ಕಾಲವಾದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ನೆನಪಿಸುತ್ತೇನೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಜೌಗು ನೆಲದ ಅಂಚಿನಲ್ಲಿ, ತಂದೆತಾಯಿಯನ್ನೂ ಐವರು ಒಡಹುಟ್ಟಿದವರನ್ನೂ ಕಳೆದುಕೊಂಡ ಪಿಪ್ ಎಂಬ ಏಳು ವರ್ಷದ ಹುಡುಗ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಭಾವ ಜೋ ಗಾರ್ಜರಿ ಕಮ್ಮಾರ. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಚರ್ಚಿನ ಸಮಾಧಿಗಳ ನಡುವೆ, ತಪ್ಪಿಸಿಕೊಂಡು ಬಂದ ಕೈದಿಯೊಬ್ಬ ಅವನನ್ನು ಹೆದರಿಸಿ, ತಿನ್ನಲು ಏನಾದರೂ ತರಬೇಕೆಂದೂ ಕಾಲಬೇಡಿ ಕೊಯ್ಯಲು ಒಂದು ಅರ ಬೇಕೆಂದೂ ಅಪ್ಪಣೆ ಮಾಡುತ್ತಾನೆ. ಮುಂದೆ ಸ್ಯಾಟಿಸ್ ಹೌಸ್ ಎಂಬ ಪಾಳುಬಿದ್ದ ದೊಡ್ಡ ಮನೆಗೆ ಹುಡುಗನಿಗೆ ಕರೆ ಬರುತ್ತದೆ. ಮದುವೆಯ ದಿನ ವರ ಕೈಕೊಟ್ಟ ಗಳಿಗೆಯಲ್ಲಿಯೇ, ಅಂದರೆ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ, ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಹಳದಿಗಟ್ಟಿದ ಮದುವೆಯ ಉಡುಪಿನಲ್ಲಿಯೇ ಬದುಕುತ್ತಿರುವ ಮಿಸ್ ಹ್ಯಾವಿಶಮ್ ಮತ್ತು ಅವಳ ಸಾಕುಮಗಳು ಎಸ್ಟೆಲ್ಲಾ ಅಲ್ಲಿದ್ದಾರೆ. ಆಮೇಲೆ ಹೆಸರು ಹೇಳದ ದಾನಿಯೊಬ್ಬರ ಹಣ, ಲಂಡನ್ನಿನ ವಾಸ, ದೊಡ್ಡ ಮನುಷ್ಯನಾಗುವ ತರಬೇತಿ. ದಾನಿ ಮಿಸ್ ಹ್ಯಾವಿಶಮ್ ಎಂದೇ ನಂಬಿದ್ದ ಪಿಪ್‌ಗೆ 23ನೆಯ ವಯಸ್ಸಿನಲ್ಲಿ ಅದು ಆ ಕೈದಿ ಮ್ಯಾಗ್‌ವಿಚ್ ಎಂದು ತಿಳಿಯುತ್ತದೆ.

ಮ್ಯಾಗ್‌ವಿಚ್ ಹಣ ಕೊಟ್ಟ, ಮಿಸ್ ಹ್ಯಾವಿಶಮ್ ಭ್ರಮೆ ಕೊಟ್ಟಳು, ಎಸ್ಟೆಲ್ಲಾ ಕೀಳರಿಮೆ ಕೊಟ್ಟಳು, ಜೋ ಪ್ರೀತಿ ಕೊಟ್ಟ ಎಂದು ಅಂದು ಬರೆದಿದ್ದೆ, ಅಂಕಗಳೂ ಬಂದವು. ಈಗ ನೋಡಿದರೆ ಅದು ಮುಯ್ಯಿ ಬರೆದಿಟ್ಟ ಪುಸ್ತಕದಂತೆ ಕಾಣುತ್ತದೆ. ಬಂದವರೆಲ್ಲ ಒಂದೊಂದು ವಸ್ತು ಕೊಟ್ಟು ಹೋದರು, ಪಿಪ್ ಕೈಚಾಚಿ ತೆಗೆದುಕೊಂಡ ಎಂಬಷ್ಟು ಸರಳವೇ ಇದು? ಹಾಗಿದ್ದರೆ ಪಿಪ್‌ನದು ಎನ್ನುವುದು ಏನು ಉಳಿಯಿತು? ಇವರೆಲ್ಲರಲ್ಲಿ ಅವನನ್ನು ಬುಡದಿಂದ ಬದಲಿಸಿದವರು ಯಾರೆಂದು ನಿಮಗೆ ಅನ್ನಿಸುತ್ತದೆ? ಕಾದಂಬರಿಯ ಸನ್ನಿವೇಶಗಳನ್ನು ಹಿಡಿದು ಯಾರಾದರೂ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.


ಉತ್ತರ: ದಿಬ್ಬದ ಮನೆ

ನಿಮ್ಮ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿವೆ, ಆದರೆ ಪಿಪ್‌ನ ಅಕ್ಕನೇ ಇಲ್ಲ. ನನ್ನ ಮಟ್ಟಿಗೆ ಉತ್ತರ ಅಲ್ಲಿಂದಲೇ ಆರಂಭವಾಗಬೇಕು.

ಈ ತಮ್ಮನನ್ನು ತಾನು ಕೈಯಾರೆ ಸಾಕಿದೆ ಎಂದು ಮಿಸೆಸ್ ಜೋ ಊರಿಗೆಲ್ಲ ಹೇಳಿಕೊಂಡು ಹೆಸರು ಗಳಿಸಿದ್ದಾಳೆ. ಹುಡುಗ ಆ ಮಾತಿನ ಅರ್ಥವನ್ನು ತನ್ನದೇ ರೀತಿಯಲ್ಲಿ ಮಾಡಿಕೊಳ್ಳುತ್ತಾನೆ: ಅವಳ ಕೈ ಭಾರವಾದದ್ದು, ಅದು ತನ್ನ ಮೇಲೆ ಮಾತ್ರವಲ್ಲದೆ ಜೋ ಮೇಲೂ ಬೀಳುತ್ತದೆ, ಆದ್ದರಿಂದ ನಾವಿಬ್ಬರೂ ಅವಳು ಕೈಯಾರೆ ಸಾಕಿದವರೇ ಎಂದು. ಓದುವಾಗ ನಗು ಬರುತ್ತದೆ. ಆದರೆ ಹುಟ್ಟಿದ್ದೇ ತಪ್ಪು, ಬದುಕಿ ಉಳಿದದ್ದು ಇನ್ನೊಂದು ತಪ್ಪು, ತಿಂದ ಪ್ರತಿ ತುತ್ತೂ ಯಾರದೋ ಉಪಕಾರ ಎಂಬ ಭಾವನೆ ಏಳು ವರ್ಷದೊಳಗೇ ಆ ಮಗುವಿನಲ್ಲಿ ಬೇರೂರಿರುವುದನ್ನು ನಗುವಿನ ನಡುವೆ ನಾವು ಗಮನಿಸದೆ ಹೋಗುತ್ತೇವೆ. ಕ್ರಿಸ್‌ಮಸ್ ಊಟದ ಅಧ್ಯಾಯವನ್ನು ಮತ್ತೊಮ್ಮೆ ನೋಡಿ. ಧಾನ್ಯದ ವ್ಯಾಪಾರಿ ಪಂಬಲ್‌ಚುಕ್, ಚರ್ಚಿನ ಗುಮಾಸ್ತ ವಾಪ್ಸಲ್ ಮುಂತಾದ ಹಿರಿಯರೆಲ್ಲ ಸೇರಿ, ಸಾಕಿದವರಿಗೆ ಕೃತಜ್ಞನಾಗಿರು ಎಂದು ಮಗುವಿಗೆ ಬುದ್ಧಿ ಹೇಳುತ್ತಾರೆ. ನೀನು ಹಂದಿಮರಿಯಾಗಿ ಹುಟ್ಟಿದ್ದರೆ ಕಟುಕನ ಪಾಲಾಗುತ್ತಿದ್ದೆ ಎಂದು ವಿವರಿಸುವವರೆಗೂ ಆ ಉಪದೇಶ ಹೋಗುತ್ತದೆ. ಅದೇ ಹೊತ್ತಿಗೆ ಮಗು ತಾನು ಕೈದಿಗಾಗಿ ಕದ್ದ ಹಂದಿಮಾಂಸದ ಕಡುಬು ಯಾವ ಕ್ಷಣದಲ್ಲಿ ಪತ್ತೆಯಾಗುವುದೋ ಎಂದು ಮೇಜಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತಿದೆ.

ಹೀಗೆ ಎಸ್ಟೆಲ್ಲಾಳನ್ನು ನೋಡುವ ಮೊದಲೇ ಪಿಪ್ ತನ್ನನ್ನು ಅಪರಾಧಿಯೆಂದು ತಿಳಿದವನು. ಸ್ಯಾಟಿಸ್ ಹೌಸಿನ ಮೊದಲ ದಿನ ಎಸ್ಟೆಲ್ಲಾ ಹೇಳುವುದು ಬಹಳ ಸಣ್ಣ ಮಾತು. ಇಸ್ಪೀಟಿನ ಗುಲಾಮನನ್ನು ಇವನು ಜ್ಯಾಕ್ ಎನ್ನುತ್ತಾನೆ, ಇವನ ಕೈ ಎಷ್ಟು ಒರಟು, ಬೂಟು ಎಷ್ಟು ದಪ್ಪ, ಅಷ್ಟೇ. ಬೇರೊಬ್ಬ ಹಳ್ಳಿಯ ಹುಡುಗ ಇದಕ್ಕೆ ತಿರುಗಿ ಬೈದು ಮನೆಗೆ ಹೋಗಿ ಮರೆತುಬಿಡುತ್ತಿದ್ದ. ಪಿಪ್ ಮರೆಯುವುದಿಲ್ಲ. ಅಂಗಳದ ಕಲ್ಲಿನ ಮೇಲೆ, ನಾಯಿಗೆ ಹಾಕಿದಂತೆ ಇಟ್ಟ ಊಟವನ್ನು ಕಂಡು ಕಣ್ಣೀರು ಬಂದು, ಗೋಡೆಯನ್ನು ಒದ್ದು, ತಲೆಗೂದಲನ್ನು ಹಿಂಡಿಕೊಂಡ ಮೇಲೆ ಅವನೇ ಕಾರಣ ಹೇಳುತ್ತಾನೆ: ಅಕ್ಕನ ಸಾಕಣೆ ತನ್ನನ್ನು ಸೂಕ್ಷ್ಮನನ್ನಾಗಿ ಮಾಡಿತ್ತು, ಮಕ್ಕಳ ಪುಟ್ಟ ಪ್ರಪಂಚದಲ್ಲಿ ಅನ್ಯಾಯದಷ್ಟು ಚುರುಕಾಗಿ ನಾಟುವ ಸಂಗತಿ ಇನ್ನೊಂದಿಲ್ಲ. ಇಡೀ ಕಾದಂಬರಿಯ ಕೀಲಿ ಈ ಮಾತಿನಲ್ಲಿದೆ ಎಂದು ನಾನು ತಿಳಿದಿದ್ದೇನೆ. ಎಸ್ಟೆಲ್ಲಾ ಕಡ್ಡಿ ಗೀರಿದಳು, ನಿಜ, ಆದರೆ ಒಣಹುಲ್ಲಿನ ಬಣವೆಯನ್ನು ಅಕ್ಕ ಮೊದಲೇ ಒಟ್ಟಿದ್ದಳು.

ಅಳುಕು ಮತ್ತು ನಾಚಿಕೆ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಳುಕು ಅಕ್ಕನ ಮನೆಯದು. ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದು. ನಾಚಿಕೆ ಸ್ಯಾಟಿಸ್ ಹೌಸಿನದು; ತಾನು ಯಾರು ಎಂಬುದಕ್ಕೆ ಸಂಬಂಧಿಸಿದ್ದು. ಮೊದಲನೆಯದು ಅವನನ್ನು ಕೊನೆಯವರೆಗೂ ಬಿಡುವುದಿಲ್ಲ. ಅಕ್ಕನ ತಲೆಗೆ ಯಾರೋ ಹೊಡೆದು ಅವಳು ಮಾತು ಕಳೆದುಕೊಂಡು ಹಾಸಿಗೆ ಹಿಡಿದಾಗ, ಹೊಡೆದವನು ಜೋ ಕುಲುಮೆಯ ಆಳು ಓರ್ಲಿಕ್ ಆದರೂ, ಪಕ್ಕದಲ್ಲಿ ಬಿದ್ದಿದ್ದ ಕಾಲಬೇಡಿ ತಾನು ಕದ್ದು ಕೊಟ್ಟ ಅರದಿಂದ ಕೊಯ್ದದ್ದೇ ಎಂದು ಪಿಪ್ ಒಳಗೊಳಗೇ ಬೇಯುತ್ತಾನೆ. ಎರಡನೆಯದು ಅವನನ್ನು ಲಂಡನ್ನಿಗೆ ಓಡಿಸುತ್ತದೆ.

ಡಿಕನ್ಸ್‌ಗೆ ಈ ನಾಚಿಕೆಯ ಪರಿಚಯ ಪುಸ್ತಕದಿಂದ ಬಂದದ್ದಲ್ಲ ಎಂಬುದನ್ನೂ ಇಲ್ಲಿ ಸೇರಿಸಬಹುದು. 1824ರಲ್ಲಿ ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ, 12 ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡಿದ್ದ. ಪ್ರಸಿದ್ಧನಾದ ಮೇಲೂ ಈ ಸಂಗತಿಯನ್ನು ಮುಚ್ಚಿಟ್ಟಿದ್ದ; ಅವನು ತೀರಿಕೊಂಡ ನಂತರ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಓದುಗರಿಗೆ ಅದು ತಿಳಿಯಿತು.


ಉತ್ತರ: ಕುಲುಮೆ ಕಿಡಿ

ಮೇಲಿನವರು ಅಕ್ಕನನ್ನು ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ಬಣವೆ ಮತ್ತು ಕಡ್ಡಿಯ ಲೆಕ್ಕದಲ್ಲಿ ಜೋ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಅವರು ಹೇಳಲಿಲ್ಲ. ನಾನು ಜೋ ಪರವಾಗಿ ಬರೆಯುತ್ತಿದ್ದೇನೆ, ಆದರೆ ಸಾಮಾನ್ಯವಾಗಿ ಬರೆಯುವಂತೆ ಅವನನ್ನು ದೇವರ ಪಕ್ಕದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಜೋ ಮಗುವನ್ನು ಕಾಪಾಡುವುದಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಕ್ರಿಸ್‌ಮಸ್ ಊಟದಲ್ಲಿ ಎಲ್ಲರೂ ಸೇರಿ ಪಿಪ್‌ನನ್ನು ಚುಚ್ಚುತ್ತಿರುವಾಗ ಅವನು ಒಂದು ಮಾತನ್ನೂ ಆಡದೆ, ಹುಡುಗನ ತಟ್ಟೆಗೆ ಗ್ರೇವಿ ಬಡಿಸುತ್ತಾನೆ. ಇನ್ನೊಂದು ಚುಚ್ಚುಮಾತು ಬಂದರೆ ಇನ್ನೊಂದಿಷ್ಟು ಗ್ರೇವಿ. ಕೊನೆಗೆ ತಟ್ಟೆಯಲ್ಲಿ ಅರ್ಧ ಪಿಂಟ್‌ನಷ್ಟು ನಿಲ್ಲುತ್ತದೆ. ಇದಕ್ಕಿಂತ ಹಾಸ್ಯದ, ಇದಕ್ಕಿಂತ ಅಸಹಾಯಕವಾದ ಪ್ರೀತಿಯನ್ನು ನಾನು ಬೇರೆಲ್ಲೂ ಓದಿಲ್ಲ. ಇಷ್ಟು ಗಟ್ಟಿ ತೋಳಿನ ಕಮ್ಮಾರ ಹೆಂಡತಿಯ ಎದುರು ಏಕೆ ಬಾಯಿ ತೆರೆಯುವುದಿಲ್ಲ ಎಂಬುದಕ್ಕೆ ಅವನೇ ಒಂದು ರಾತ್ರಿ ಕಾರಣ ಹೇಳುತ್ತಾನೆ. ಅವನ ತಂದೆ ಕುಡುಕ, ತಾಯಿಯನ್ನು ಹೊಡೆಯುತ್ತಿದ್ದವನು; ಹೆಂಗಸೊಬ್ಬಳು ಜೀವಮಾನವೆಲ್ಲ ದುಡಿದು ನಲುಗಿದ್ದನ್ನು ಕಂಡವನಾದ್ದರಿಂದ, ತಪ್ಪುವುದಾದರೆ ಇನ್ನೊಂದು ದಿಕ್ಕಿನಲ್ಲಿ ತಪ್ಪುತ್ತೇನೆ ಎಂದು ಅವನು ನಿಶ್ಚಯಿಸಿಕೊಂಡಿದ್ದಾನೆ. ಅಂದರೆ ಜೋ ತೋರುವ ತಾಳ್ಮೆ ಅವನ ಪೆದ್ದುತನವಲ್ಲ, ಅವನು ತಿಳಿದೇ ಆರಿಸಿಕೊಂಡದ್ದು. ಆದರೆ ಅದರ ಬೆಲೆಯನ್ನು ಸ್ವಲ್ಪಮಟ್ಟಿಗೆ ಪಿಪ್ ತೆರುತ್ತಾನೆ.

ಹಾಗಿದ್ದರೂ ಪಿಪ್‌ನ ಒಳಗೆ ಒಂದು ಅಳತೆಗೋಲನ್ನು ಇಟ್ಟವನು ಜೋ ಮಾತ್ರ ಎಂದು ನಾನು ಹೇಳುತ್ತೇನೆ. ಸೈನಿಕರು ಕೈದಿಯನ್ನು ಹಿಡಿದಾಗ, ಹುಡುಗನ ಮೇಲೆ ಅನುಮಾನ ಬಾರದಿರಲೆಂದು ಕೈದಿ, ಕಮ್ಮಾರನ ಮನೆಯ ಕಡುಬನ್ನು ಕದ್ದು ತಿಂದವನು ನಾನೇ ಎನ್ನುತ್ತಾನೆ. ಅದಕ್ಕೆ ಜೋ, ನೀನು ಏನು ಮಾಡಿದೆಯೋ ನಮಗೆ ತಿಳಿಯದು, ಆದರೆ ಅದಕ್ಕಾಗಿ ನೀನು ಹಸಿದು ಸಾಯಲಿ ಎಂದು ನಾವು ಬಯಸುವವರಲ್ಲ ಎಂದು ಉತ್ತರಿಸುತ್ತಾನೆ. ಕೈದಿಯ ಗಂಟಲಿನಲ್ಲಿ ಏನೋ ಕಟ್ಟಿದಂತೆ ಸದ್ದಾಗುತ್ತದೆ. ಜೋ ಜೊತೆಗಿದ್ದ ಪಿಪ್ ಇದನ್ನೆಲ್ಲ ನೋಡುತ್ತಾನೆ, ಆದರೆ ಅದರ ಅರ್ಥ ಅವನಿಗೆ ಆಗುವುದು ಹದಿನಾರು ವರ್ಷಗಳ ಮೇಲೆ.

ಸ್ಯಾಟಿಸ್ ಹೌಸಿನಿಂದ ಬಂದ ದಿನ ಪಿಪ್ ಅಕ್ಕನಿಗೂ ಪಂಬಲ್‌ಚುಕ್‌ಗೂ ಕಪ್ಪು ಮಖಮಲ್ಲಿನ ಸಾರೋಟು, ಬೆಳ್ಳಿಯ ಬುಟ್ಟಿಯಲ್ಲಿ ತಿನ್ನುವ ನಾಲ್ಕು ನಾಯಿಗಳು ಎಂದೆಲ್ಲ ಸುಳ್ಳು ಕಟ್ಟಿ ಹೇಳುತ್ತಾನೆ. ಪಂಬಲ್‌ಚುಕ್‌ಗೆ ಅವನು ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪವೇ ಇಲ್ಲ, ಆದರೆ ಜೋ ಆ ಕಥೆಯನ್ನು ಕಣ್ಣರಳಿಸಿ ನಂಬಿದ್ದನ್ನು ಕಂಡಾಗ ತಡೆಯಲಾಗದೆ ಕುಲುಮೆಗೆ ಹೋಗಿ ನಿಜ ಹೇಳುತ್ತಾನೆ. ಜೋ ಬೈಯುವುದಿಲ್ಲ. ಸುಳ್ಳು ಎಂದರೆ ಸುಳ್ಳೇ, ನೇರ ದಾರಿಯಲ್ಲಿ ದೊಡ್ಡವನಾಗಲು ಆಗದಿದ್ದರೆ ಅಡ್ಡದಾರಿಯಲ್ಲಿ ಖಂಡಿತ ಆಗಲಾರೆ ಎಂದು ಮಾತ್ರ ಹೇಳುತ್ತಾನೆ. ಪಿಪ್ ಈ ಮಾತನ್ನು ಪಾಲಿಸುವುದಿಲ್ಲ. ಮರೆಯಲೂ ಆಗುವುದಿಲ್ಲ. ಅವನ ಮುಂದಿನ ಸಂಕಟವೆಲ್ಲ ಇವೆರಡರ ನಡುವೆ ಇದೆ.

ಪಿಪ್ ಲಂಡನ್ನಿನಲ್ಲಿ ವಾಸವಿದ್ದ ಬಾರ್ನಾರ್ಡ್ಸ್ ಇನ್ನಿನ ಕೋಣೆಗೆ ಜೋ ಭೇಟಿ ಕೊಡುವ 27ನೆಯ ಅಧ್ಯಾಯವನ್ನು ನಾನು ಪ್ರತಿ ಸಲವೂ ಕಣ್ಣು ತಪ್ಪಿಸಿಕೊಂಡೇ ಓದುತ್ತೇನೆ. ಹಣ ಕೊಟ್ಟು ಅವನನ್ನು ಬಾರದಂತೆ ತಡೆಯಲು ಸಾಧ್ಯವಿದ್ದಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ಪಿಪ್ ಒಪ್ಪಿಕೊಳ್ಳುತ್ತಾನೆ. ಜೋ ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಲೆಯ ಮೇಲಿನ ಹಲಗೆಯ ತುದಿಯಲ್ಲಿಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ. ತಾನು ಬೆಳೆಸಿದ ಹುಡುಗನನ್ನು ಒಮ್ಮೆ ಹೆಸರಿನಿಂದ, ಒಮ್ಮೆ 'ಸರ್' ಎಂದು ಕರೆಯುತ್ತಾನೆ. ಹೊರಡುವಾಗ ಮಾತ್ರ ಅವನ ತೊಡಕೆಲ್ಲ ಬಿಟ್ಟುಹೋಗುತ್ತದೆ. ಬದುಕು ಎಂದರೆ ಬೆಸೆದು ಕೂಡಿಸಿದ ಅಗಲಿಕೆಗಳು, ಒಬ್ಬ ಕಮ್ಮಾರ, ಇನ್ನೊಬ್ಬ ಅಕ್ಕಸಾಲಿಗ, ನಮ್ಮನ್ನು ಲಂಡನ್ನಿನಲ್ಲಿ ಒಟ್ಟಿಗೆ ನೋಡಬಾರದು, ನನ್ನನ್ನು ಕುಲುಮೆಯ ಬಟ್ಟೆಯಲ್ಲಿ, ಕೈಯಲ್ಲಿ ಸುತ್ತಿಗೆ ಹಿಡಿದಿರುವಾಗ ನೆನೆಸಿಕೋ ಎಂದು ಹೇಳಿ ಹೋಗುತ್ತಾನೆ. ಪಿಪ್ ಎಚ್ಚೆತ್ತು ಬೀದಿಗೆ ಓಡಿಬರುವಷ್ಟರಲ್ಲಿ ಅವನಿಲ್ಲ.

ಈ ಮಾತನ್ನು ಆಡಿದ ಮನುಷ್ಯನಿಗೆ ಓದಲು ಬರುವುದು ತನ್ನ ಹೆಸರಿನ ಎರಡು ಅಕ್ಷರಗಳು ಮಾತ್ರ ಎಂಬುದನ್ನು ಮರೆಯಬಾರದು.


ಉತ್ತರ: ಹಂಗಿನ ಲೆಕ್ಕ

ಇಬ್ಬರ ಬರಹವನ್ನೂ ಓದಿದೆ. ನಾನು ಬೇರೊಂದು ಬದಿಯಿಂದ ನೋಡಬಯಸುತ್ತೇನೆ, ಏಕೆಂದರೆ 'ರೂಪಿಸುವುದು' ಎಂಬ ಪದದ ಬಗ್ಗೆಯೇ ಡಿಕನ್ಸ್‌ಗೆ ಈ ಕಾದಂಬರಿಯಲ್ಲಿ ಭಯವಿದ್ದಂತೆ ಕಾಣುತ್ತದೆ.

ಈ ಕಥೆಯಲ್ಲಿ ಇಬ್ಬರು ಮನುಷ್ಯರನ್ನು ತಯಾರಿಸಲು ಹೊರಟಿದ್ದಾರೆ. ಮಿಸ್ ಹ್ಯಾವಿಶಮ್ ಗಂಡಸರ ಎದೆ ಒಡೆಯಲೆಂದೇ ಎಸ್ಟೆಲ್ಲಾಳನ್ನು ಬೆಳೆಸುತ್ತಾಳೆ. ಮ್ಯಾಗ್‌ವಿಚ್ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿ ದುಡಿದ ಹಣದಿಂದ ಲಂಡನ್ನಿನಲ್ಲಿ ಒಬ್ಬ ಜಂಟಲ್‌ಮನ್‌ನನ್ನು ಮಾಡಿಸುತ್ತಾನೆ. ಮೊದಲನೆಯವಳದು ಸೇಡು, ಎರಡನೆಯವನದು ಕೃತಜ್ಞತೆ. ಮೂಲದಲ್ಲಿ ಇವೆರಡೂ ಉತ್ತರ ದಕ್ಷಿಣ. ಆದರೆ ಮಾಡುವ ಕ್ರಮ ಒಂದೇ. ಮ್ಯಾಗ್‌ವಿಚ್ ತಿರುಗಿ ಬಂದ ಮಳೆಗಾಳಿಯ ರಾತ್ರಿ ತಾನು ತಯಾರಿಸಿದ ವಸ್ತುವನ್ನು ಪರೀಕ್ಷಿಸುವವನಂತೆ ಪಿಪ್‌ನ ಗಡಿಯಾರ, ಉಂಗುರ, ಬಟ್ಟೆ, ಪುಸ್ತಕಗಳನ್ನು ನೋಡಿ ಹಿಗ್ಗುತ್ತಾನೆ. ನಾನು ಜಂಟಲ್‌ಮನ್ ಅಲ್ಲದಿದ್ದರೇನು, ಅಂಥವನೊಬ್ಬನ ಒಡೆಯ ನಾನು ಎಂದು ಅಲ್ಲಿಯ ವಲಸೆಗಾರರ ಎದುರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ ಎನ್ನುತ್ತಾನೆ. ಆಮೇಲೆ ತನಗೆ ಒಂದಕ್ಷರವೂ ಅರ್ಥವಾಗದ ಪರಭಾಷೆಯ ಪುಸ್ತಕವನ್ನು ಪಿಪ್‌ನಿಂದ ಗಟ್ಟಿಯಾಗಿ ಓದಿಸಿ, ಪ್ರದರ್ಶನ ಏರ್ಪಡಿಸಿದವನಂತೆ ನಿಂತು ನೋಡುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಆದರೂ ಓದುವಾಗ ಮೈ ಜುಮ್ಮೆನ್ನುತ್ತದೆ.

ಸರ್ವಜ್ಞ ಹೇಳುವ ಹಂಗಿನರಮನೆ ಎಂಬ ಮಾತು ಸ್ಯಾಟಿಸ್ ಹೌಸಿಗಾಗಿಯೇ ಹುಟ್ಟಿದೆಯೇನೋ ಎಂದು ನನಗೆ ಅನ್ನಿಸಿದ್ದುಂಟು. ಅಲ್ಲಿ ಸಾಕಲ್ಪಟ್ಟ ಎಸ್ಟೆಲ್ಲಾ ಕೊನೆಗೆ ತಿರುಗಿಬಿದ್ದು, ನೀವು ಮಾಡಿದಂತೆ ನಾನಿದ್ದೇನೆ, ಹೊಗಳಿಕೆಯೂ ನಿಮ್ಮದೇ, ತೆಗಳಿಕೆಯೂ ನಿಮ್ಮದೇ ಎಂದು ಸಾಕುತಾಯಿಗೆ ಹೇಳುತ್ತಾಳೆ. ಪಿಪ್ ಈ ಮಾತನ್ನು ಮ್ಯಾಗ್‌ವಿಚ್‌ಗೆ ಹೇಳಬಹುದಾಗಿತ್ತು. ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಪಿಪ್ ಎಂಬ ವ್ಯಕ್ತಿ ಹುಟ್ಟುವುದು ಅಲ್ಲಿ.

ಹೇಗೆ ಎಂದರೆ, ಮೊದಲ ರಾತ್ರಿ ಅವನಿಗೆ ಮ್ಯಾಗ್‌ವಿಚ್ ಮೇಲೆ ಇರುವುದು ಬರೀ ಹೇಸಿಗೆ. ಗಡೀಪಾರಾದವನು ತಿರುಗಿ ಬಂದರೆ ಗಲ್ಲು, ಆದ್ದರಿಂದ ಹೇಗಾದರೂ ಅವನನ್ನು ದೇಶದಿಂದ ದಾಟಿಸಬೇಕು ಎಂಬ ಹೊಣೆ ಮಾತ್ರ ಅವನನ್ನು ಕಟ್ಟಿಹಾಕುತ್ತದೆ. ಅವನ ಹಣವನ್ನು ಇನ್ನು ಮುಟ್ಟುವುದಿಲ್ಲವೆಂದು ನಿರ್ಧರಿಸುತ್ತಾನೆ, ಆದರೆ ಮನುಷ್ಯನನ್ನು ಬಿಡುವುದಿಲ್ಲ. ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿ ಸಾಗಿಸುವ ಪ್ರಯತ್ನ ಸೋತು, ಮ್ಯಾಗ್‌ವಿಚ್ ಗಾಯಗೊಂಡು ಸೆರೆಸಿಕ್ಕಾಗ, ಅವನ ಪಕ್ಕದಲ್ಲಿ ಕುಳಿತ ಪಿಪ್‌ಗೆ ಹೇಸಿಗೆಯೆಲ್ಲ ಕರಗಿಹೋಗಿ, ತಾನು ಜೋಗೆ ನಡೆದುಕೊಂಡದ್ದಕ್ಕಿಂತ ಎಷ್ಟೋ ಚೆನ್ನಾಗಿ ತನಗೆ ನಡೆದುಕೊಂಡ ಮನುಷ್ಯನೊಬ್ಬ ಕಾಣುತ್ತಾನೆ. ಗಮನಿಸಬೇಕಾದದ್ದು ಇದು: ಮ್ಯಾಗ್‌ವಿಚ್‌ನನ್ನು ನೋಡುತ್ತಿರುವಾಗ ಅವನಿಗೆ ನೆನಪಾಗುವುದು ಜೋ. ಕುಲುಮೆ ಕಿಡಿ ಅವರು ಹೇಳಿದ ಅಳತೆಗೋಲು ಇಲ್ಲಿ ಹೊರಬರುತ್ತದೆ ಎಂದು ನಾನೂ ಒಪ್ಪುತ್ತೇನೆ. ನ್ಯಾಯಾಲಯದಲ್ಲಿ 32 ಮಂದಿಗೆ ಒಟ್ಟಿಗೆ ಮರಣದಂಡನೆ ಓದಿ ಹೇಳುವಾಗ ಪಿಪ್ ಕಟಕಟೆಯ ಹತ್ತಿರ ನಿಂತು ಆ ಕೈದಿಯ ಕೈಯನ್ನು ಎಲ್ಲರ ಎದುರಿಗೆ ಹಿಡಿದುಕೊಂಡಿರುತ್ತಾನೆ. ಜೋ ಬಂದಾಗ ಪರಿಚಯದವರು ಯಾರಾದರೂ ನೋಡಿಯಾರು ಎಂದು ಅಂಜಿದ್ದವನು ಇವನೇ.

ಉಪಕಾರ ಮಾಡಿದವರು ಅದನ್ನು ಹೇಗೆ ಮಾಡಿದರು ಎಂಬುದರಲ್ಲಿಯೂ ವ್ಯತ್ಯಾಸವಿದೆ. ಮಿಸ್ ಹ್ಯಾವಿಶಮ್ ಪಿಪ್‌ನನ್ನು ಜೋ ಹತ್ತಿರ ಕೆಲಸ ಕಲಿಯಲು ಸೇರಿಸುವಾಗ 25 ಗಿನಿ ಕೊಟ್ಟು ಕೈತೊಳೆದುಕೊಳ್ಳುತ್ತಾಳೆ. ಮುಂದೆ ಅವನು ತನ್ನನ್ನೇ ದಾನಿಯೆಂದು ತಪ್ಪು ತಿಳಿದದ್ದು ಗೊತ್ತಿದ್ದೂ ಸುಮ್ಮನಿರುತ್ತಾಳೆ. ದಾನಿಯ ಹಣವನ್ನು ಪಿಪ್‌ಗೆ ತಲುಪಿಸುವ ವಕೀಲ ಜ್ಯಾಗರ್ಸ್ ಎಲ್ಲವನ್ನೂ ಬಲ್ಲವನು, ಹೇಳಬೇಕಾದಷ್ಟಕ್ಕಿಂತ ಒಂದಕ್ಷರ ಹೆಚ್ಚು ಹೇಳದವನು. ಪ್ರತಿ ಕಕ್ಷಿದಾರನೂ ಹೋದ ಮೇಲೆ ಸುವಾಸನೆಯ ಸೋಪಿನಲ್ಲಿ ನಿಜವಾಗಿಯೇ ಕೈತೊಳೆಯುವವನು. ಜೋ ಮಾತ್ರ, ಪಿಪ್‌ನನ್ನು ಬಿಟ್ಟುಕೊಡುವುದಕ್ಕೆ ಪರಿಹಾರ ಬೇಕೇ ಎಂದು ಜ್ಯಾಗರ್ಸ್ ಕೇಳಿದಾಗ, ಕುಲುಮೆಗೆ ಬಂದ ಆ ಪುಟ್ಟ ಮಗುವಿನ ಬದಲಿಗೆ ಹಣವೇ ಎಂದು ಮಾತು ಮುಗಿಸಲಾರದೆ ನಿಲ್ಲುತ್ತಾನೆ. ಕೊನೆಯಲ್ಲಿ ಕಾಯಿಲೆ ಬಿದ್ದ ಪಿಪ್‌ನ ಆರೈಕೆ ಮಾಡಿ, ಅವನನ್ನು ಜೈಲಿಗೆ ಎಳೆಯಲಿದ್ದ 123 ಪೌಂಡಿಗೂ ಮೇಲಿನ ಸಾಲವನ್ನು ತೀರಿಸಿ, ರಸೀದಿಯನ್ನಿಟ್ಟು, ಹೇಳದೆ ಬೆಳಗಿನ ಜಾವ ಹೊರಟುಹೋಗುವವನೂ ಅವನೇ.


ಪ್ರಶ್ನೆ ಕೇಳಿದವರು: ಸಂಜೆ ಓದು

ಮೂವರಿಗೂ ವಂದನೆಗಳು. ಗ್ರೇವಿಯ ಪ್ರಸಂಗವನ್ನು ನಾನು ಬರೀ ತಮಾಷೆಯೆಂದು ದಾಟಿ ಹೋಗಿದ್ದೆ. ಎರಡು ಅನುಮಾನಗಳು ಉಳಿದಿವೆ. ಒಂದು, ಲಂಡನ್ನಿನ ಗೆಳೆಯ ಹರ್ಬರ್ಟ್ ಪಾಕೆಟ್ ಮತ್ತು ಹಳ್ಳಿಯ ಬಿಡ್ಡಿ ಇವರಿಬ್ಬರಿಗೆ ನೀವು ಯಾರೂ ಸ್ಥಾನ ಕೊಡಲಿಲ್ಲ. ಅವರು ಬರೀ ಒಳ್ಳೆಯವರು, ಕಥೆ ಮುಂದೆ ಸಾಗಲು ಬೇಕಾದವರು, ಅಷ್ಟೆಯೇ? ಇನ್ನೊಂದು, ಈ ಕಥೆಯನ್ನು ಹೇಳುತ್ತಿರುವವನು ಪಿಪ್. ಅಕ್ಕ ಕ್ರೂರಿ, ಜೋ ಉದಾರಿ ಎಂದು ನಮಗೆ ಹೇಳಿದವನೂ ಅವನೇ. ಹಾಗಿರುವಾಗ ಇವರೆಲ್ಲ ಅವನನ್ನು ರೂಪಿಸಿದರು ಎನ್ನುವುದೋ, ಅವನು ಇವರನ್ನೆಲ್ಲ ರೂಪಿಸಿದ ಎನ್ನುವುದೋ?


ಉತ್ತರ: ಮೂರನೆಯ ಓದು

ಎರಡನೆಯ ಅನುಮಾನವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಡಿಕನ್ಸ್ ಈ ಕಾದಂಬರಿಯನ್ನು 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ತನ್ನದೇ ವಾರಪತ್ರಿಕೆ 'ಆಲ್ ದ ಇಯರ್ ರೌಂಡ್'ನಲ್ಲಿ ಕಂತುಕಂತಾಗಿ ಪ್ರಕಟಿಸಿದ. ನಾಯಕನೇ ಕಥೆ ಹೇಳುವ ಇನ್ನೊಂದು ಕಾದಂಬರಿ 'ಡೇವಿಡ್ ಕಾಪರ್‌ಫೀಲ್ಡ್' ಹತ್ತು ವರ್ಷಗಳ ಹಿಂದೆಯೇ ಬಂದಿತ್ತು. ಅದರ ಛಾಯೆ ಬೀಳದಿರಲೆಂದು ಅದನ್ನು ಮತ್ತೆ ಓದಿಕೊಂಡು ಕುಳಿತವನು ಡಿಕನ್ಸ್. ಪಿಪ್‌ನಲ್ಲಿ ಅವನು ಹೊಸದಾಗಿ ಮಾಡಿದ ಕೆಲಸವೆಂದರೆ, ಹೇಳುವವನನ್ನು ಅವನ ವಿರುದ್ಧವೇ ಸಾಕ್ಷಿ ನುಡಿಸಿದ್ದು. ದೊಡ್ಡವನಾದ ಪಿಪ್ ಸಣ್ಣವನಾಗಿದ್ದ ಪಿಪ್‌ಗೆ ಎಲ್ಲಿಯೂ ವಿನಾಯಿತಿ ಕೊಡುವುದಿಲ್ಲ. ಆದ್ದರಿಂದ ಜೋ ಇಷ್ಟು ಎತ್ತರವಾಗಿ ಕಾಣುವುದಕ್ಕೆ ಹೇಳುವವನ ಪಶ್ಚಾತ್ತಾಪವೂ ಒಂದು ಕಾರಣ ಎಂಬ ನಿಮ್ಮ ಸೂಚನೆ ಸರಿಯಾದದ್ದೇ. ಆದರೆ ಪಶ್ಚಾತ್ತಾಪ ಪಡುವ ಶಕ್ತಿ ಅವನಿಗೆ ಬಂದದ್ದಾದರೂ ಎಲ್ಲಿಂದ ಎಂದು ಕೇಳಿದರೆ ನಾವು ಮತ್ತೆ ಕುಲುಮೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಬಿಡ್ಡಿಯ ಬಗ್ಗೆ ಒಂದು ಸನ್ನಿವೇಶ ಸಾಕು. ನಾನು ದೊಡ್ಡ ಮನುಷ್ಯನಾಗಬೇಕು ಎಂದು ಪಿಪ್ ಅವಳ ಹತ್ತಿರ ತೋಡಿಕೊಂಡಾಗ ಅವಳು ಕೇಳುವುದು ಒಂದೇ ಪ್ರಶ್ನೆ: ಅದು ಎಸ್ಟೆಲ್ಲಾ ಮೇಲಿನ ಹಟಕ್ಕೋ, ಅವಳನ್ನು ಗೆಲ್ಲುವುದಕ್ಕೋ? ಪಿಪ್‌ಗೆ ಉತ್ತರ ಗೊತ್ತಿಲ್ಲ. ಹಟಕ್ಕಾದರೆ ಅವಳ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿರುವುದು ಮೇಲು, ಗೆಲ್ಲುವುದಕ್ಕಾದರೆ ಅವಳು ಅಷ್ಟು ಬೆಲೆಯುಳ್ಳವಳಲ್ಲ ಎಂದು ಬಿಡ್ಡಿ ತಣ್ಣಗೆ ಹೇಳುತ್ತಾಳೆ. ಇಡೀ ಕಾದಂಬರಿಯಲ್ಲಿ ಅವನನ್ನು ಹೀಗೆ ನೇರವಾಗಿ ಪ್ರಶ್ನಿಸುವವಳು ಅವಳೊಬ್ಬಳೇ. ಅವನಿಗೆ ಅಕ್ಷರ ಕಲಿಸಿದವಳೂ ಅವಳೇ. ಜೋಗೂ ಹೆಮ್ಮೆ ಎನ್ನುವುದು ಇರಬಹುದಲ್ಲವೇ ಎಂದು ಅವಳು ಎಚ್ಚರಿಸಿದಾಗ, ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಪಿಪ್ ಸಿಡುಕುತ್ತಾನೆ. ಆಗ ಅವಳು ಹೇಳಿದ್ದು ನಾಟಲಿಲ್ಲ. ಹಾಗಾಗಿ ಬಿಡ್ಡಿ ಅವನನ್ನು ರೂಪಿಸಿದಳು ಎನ್ನಲು ನನಗೆ ಸ್ವಲ್ಪ ಹಿಂಜರಿಕೆಯಿದೆ. ಅವಳ ಮಾತು ತಡವಾಗಿ ಫಲಿಸಿತು.

ಹರ್ಬರ್ಟ್ ವಿಷಯ ಹಾಗಲ್ಲ. ಸ್ಯಾಟಿಸ್ ಹೌಸಿನ ತೋಟದಲ್ಲಿ ಸುಮ್ಮಸುಮ್ಮನೆ ಜಗಳಕ್ಕೆ ಕರೆದು ಪೆಟ್ಟು ತಿಂದ ಬಿಳಿಚಿದ ಹುಡುಗ, ಲಂಡನ್ನಿನಲ್ಲಿ ಒಂದೇ ಕೋಣೆಯ ಗೆಳೆಯನಾಗುತ್ತಾನೆ. ಊಟದ ಮೇಜಿನಲ್ಲಿ ಚಾಕುವನ್ನು ಬಾಯಿಗೆ ಹಾಕಬಾರದು ಎಂಬುದನ್ನು ಅವನು ಮಿಸ್ ಹ್ಯಾವಿಶಮ್‌ಳ ಕಥೆ ಹೇಳುವ ನಡುನಡುವೆ, ನಗುತ್ತ, ಪಿಪ್‌ಗೆ ಒಂದಿಷ್ಟೂ ಮುಜುಗರವಾಗದಂತೆ ಕಲಿಸುತ್ತಾನೆ. ಎಸ್ಟೆಲ್ಲಾ 'ಜ್ಯಾಕ್' ಎಂದದ್ದನ್ನು ಹಿಡಿದು ಅವಮಾನಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಿದ್ದಿದ್ದು ಇಬ್ಬರೂ, ಗಾಯ ಮಾಡಿದ್ದು ಒಬ್ಬಳು. ಕಮ್ಮಾರನ ಮನೆಯಿಂದ ಬಂದವನು ಎಂಬುದನ್ನು ಮರೆಮಾಚದೆ, ಹ್ಯಾಂಡಲ್ ಎಂಬ ಸಂಗೀತಗಾರನ ರಚನೆಯೊಂದು ಕಮ್ಮಾರನ ಹೆಸರಿನಲ್ಲಿ ಪ್ರಸಿದ್ಧವಾಗಿದೆ ಎಂದು ಅವನನ್ನು ಹ್ಯಾಂಡಲ್ ಎಂದೇ ಕರೆಯುತ್ತಾನೆ. ಪಿಪ್ ಯಾವುದನ್ನು ಮುಚ್ಚಿಡಲು ಒದ್ದಾಡುತ್ತಿದ್ದನೋ ಅದು ಗೆಳೆಯನ ಬಾಯಲ್ಲಿ ಮುದ್ದಿನ ಹೆಸರಾಗುತ್ತದೆ.

ಇಲ್ಲಿಯೇ ನಿಮ್ಮ ಮೊದಲ ಪ್ರಶ್ನೆಗೆ, ಪಿಪ್‌ನದು ಎನ್ನುವುದು ಏನು ಎಂಬುದಕ್ಕೆ, ನನ್ನ ಉತ್ತರವೂ ಇದೆ. 21ನೆಯ ಹುಟ್ಟುಹಬ್ಬದಂದು ಸಿಕ್ಕ 500 ಪೌಂಡ್‌ಗಳಲ್ಲಿ ಅರ್ಧವನ್ನು ಪಿಪ್, ಹರ್ಬರ್ಟ್‌ಗೆ ತಿಳಿಯದಂತೆ, ಅವನನ್ನು ಕ್ಲ್ಯಾರಿಕರ್ ಎಂಬ ವರ್ತಕನ ವ್ಯವಹಾರದಲ್ಲಿ ಪಾಲುದಾರನನ್ನಾಗಿ ಮಾಡಲು ಬಳಸುತ್ತಾನೆ. ಮುಂದೆ ಮ್ಯಾಗ್‌ವಿಚ್‌ನ ಹಣವನ್ನು ತಾನು ಬಿಟ್ಟುಕೊಟ್ಟ ಮೇಲೆ, ಅದು ಅರ್ಧಕ್ಕೆ ನಿಲ್ಲದಿರಲೆಂದು ಮಿಸ್ ಹ್ಯಾವಿಶಮ್‌ಳಿಂದ 900 ಪೌಂಡ್ ಕೇಳಿ ಪೂರ್ತಿ ಮಾಡುತ್ತಾನೆ; ತನಗಾಗಿ ಒಂದು ಕಾಸನ್ನೂ ಕೇಳುವುದಿಲ್ಲ. ಸಂಪತ್ತಿನ ಸುದ್ದಿ ಬಂದಂದಿನಿಂದ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ, ಪೂರ್ತಿಗೊಳಿಸಿದ ಒಂದೇ ಕೆಲಸ ಅದು ಎಂದು ಅವನೇ ಬರೆದಿದ್ದಾನೆ. ಹೇಳದೆ ಕೊಡುವ ಕ್ರಮವನ್ನು ಅವನು ಮ್ಯಾಗ್‌ವಿಚ್ ಯಾರೆಂದು ತಿಳಿಯುವ ಮೊದಲೇ ಹಿಡಿದಿದ್ದ ಎಂಬುದು ಸ್ವಾರಸ್ಯಕರ. ಹೆಸರು ಹೇಳದ ದಾನಿಯಾಗುವುದನ್ನು ತನ್ನ ದಾನಿಯಿಂದ ಕಲಿತು, ಒಡೆಯನಾಗುವ ಆಸೆಯನ್ನು ಮಾತ್ರ ಬಿಟ್ಟುಬಿಟ್ಟ. ಕೊನೆಗೆ ಎಲ್ಲವನ್ನೂ ಕಳೆದುಕೊಂಡವನಿಗೆ ಗುಮಾಸ್ತನ ಕೆಲಸ ಕೊಟ್ಟು ಕೈರೋದಲ್ಲಿ ನೆಲೆ ಒದಗಿಸುವುದು ಆ ವ್ಯವಹಾರವೇ. ಹರ್ಬರ್ಟ್ ಕೈಲಾಗದವನು ಎಂದು ತಾನು ಹಿಂದೆ ಅಂದುಕೊಂಡದ್ದು ನೆನಪಾಗಿ, ಆ ಕೊರತೆ ಬಹುಶಃ ಅವನಲ್ಲಿರಲಿಲ್ಲ, ನನ್ನಲ್ಲಿಯೇ ಇತ್ತು ಎಂದು ಪಿಪ್‌ಗೆ ಒಂದು ದಿನ ಹೊಳೆಯುತ್ತದೆ.


ಉತ್ತರ: ದಿಬ್ಬದ ಮನೆ

ಒಂದು ಸಣ್ಣ ವಿವರವನ್ನು ಸೇರಿಸುತ್ತೇನೆ. ನಾನು ಅಕ್ಕನ ಮನೆಯಿಂದ ಆರಂಭಿಸಿದ್ದರಿಂದ ಇದೂ ಆ ಮನೆಯದೇ.

ಮಗುವಾಗಿದ್ದಾಗ ಪಿಪ್‌ಗೆ ಹೊಡೆತಕ್ಕಿಂತಲೂ ಅಸಹ್ಯವಾಗಿದ್ದ ಇನ್ನೊಂದು ಸಂಗತಿಯಿತ್ತು. ಮನೆಗೆ ಬರುವ ದೊಡ್ಡವರು, ಪಂಬಲ್‌ಚುಕ್ ಆಗಲಿ ವಾಪ್ಸಲ್ ಆಗಲಿ, ಅವನ ವಿಷಯ ಬಂದಾಗಲೆಲ್ಲ ಅವನ ತಲೆಗೂದಲನ್ನು ಕೆದರಿ ಕಣ್ಣಿಗೆ ತಳ್ಳುತ್ತಿದ್ದರು. ಹಾಗೆ ಮಾಡುವ ಹಕ್ಕು ಯಾವ ಮನುಷ್ಯನಿಗೂ ಇಲ್ಲವೆಂದು ತಾನು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದೆ ಎಂದು ಅವನು ಹೇಳಿಕೊಂಡಿದ್ದಾನೆ. ಹನ್ನೊಂದು ವರ್ಷ ಪರದೇಶದಲ್ಲಿದ್ದು ಕೊನೆಯ ಅಧ್ಯಾಯದಲ್ಲಿ ಅವನು ಹಳೆಯ ಮನೆಯ ಬಾಗಿಲು ತೆರೆದು ನೋಡಿದಾಗ, ಜೋ ಮತ್ತು ಬಿಡ್ಡಿಯ ಮಗ, ಅವನದೇ ಹೆಸರನ್ನಿಟ್ಟ ಪುಟ್ಟ ಪಿಪ್, ಅವನು ಕುಳಿತುಕೊಳ್ಳುತ್ತಿದ್ದ ಮಣೆಯ ಮೇಲೆ ಬೆಂಕಿಯನ್ನು ನೋಡುತ್ತ ಕುಳಿತಿದ್ದಾನೆ. ಎಸ್ಟೆಲ್ಲಾ ಸಿಗುತ್ತಾಳೋ ಇಲ್ಲವೋ ಎಂಬ ಮುಕ್ತಾಯವನ್ನು ಡಿಕನ್ಸ್ ಗೆಳೆಯ ಬುಲ್ವರ್ ಲಿಟನ್‌ನ ಮಾತು ಕೇಳಿ ಬದಲಿಸಿದ, ಅದರ ಬಗ್ಗೆ ಇಂದಿಗೂ ವಾದ ನಡೆಯುತ್ತದೆ. ಈ ಪುಟ್ಟ ಮಗು ಮಾತ್ರ ಎರಡು ಮುಕ್ತಾಯಗಳಲ್ಲಿಯೂ ಇದೆ.

ಇವನೂ ನಿನ್ನಂತೆ ಆಗಲಿ ಎಂದು ನಿನ್ನ ಹೆಸರಿಟ್ಟೆವು ಎಂದು ಜೋ ಸಂತೋಷದಿಂದ ಹೇಳುತ್ತಿರುವಾಗ ಪಿಪ್ ಇನ್ನೊಂದು ಮಣೆಯನ್ನು ಎಳೆದುಕೊಂಡು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಅಲ್ಲಿ ಕಂಸದೊಳಗೆ ಒಂದು ಪುಟ್ಟ ಮಾತಿದೆ, ನಾನು ಎರಡು ಸಲ ಓದಿದಾಗಲೂ ಕಾಣದೆ ಹೋಗಿತ್ತು: ಆದರೆ ಅವನ ಕೂದಲನ್ನು ನಾನು ಕೆದರಲಿಲ್ಲ.